ಹತ್ತೂರೆ ಮಾಸ್ತರರೂ ಇಪ್ಪತ್ತು ನೀಲಿ ತಟ್ಟೆಗಳೂ

ಸೊಲ್ಲಾಪುರ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಚಿತ್ರಕಲೆ ಕಲಿಸಿದವರ ಪಟ್ಟಿ ಮಾಡಿದರೆ ಶ್ರೀ ಶಾಂತಪ್ಪ ಹತ್ತೂರೆಯವರ ಹೆಸರು ಮೊದಲ ಸಾಲಿನಲ್ಲಿ ಬರುತ್ತದೆ. ಡೆನ್ಮಾರ್ಕ್ ದೇಶದ ಅಲಂಕಾರದ ಪಿಂಗಾಣಿಯ ಬಗ್ಗೆ, ಅದರ ಮೇಲೆ ಚಿತ್ರ ಬರೆದ ಕಲಾವಿದರ ಬಗ್ಗೆ ಕನ್ನಡದಲ್ಲಿ ತಲೆ ಕೆಡಿಸಿಕೊಂಡವರ ಪಟ್ಟಿ ಮಾಡಿದರೆ, ನಾನು ಬಲ್ಲಮಟ್ಟಿಗೆ, ಅದು ಅವರ ಹೆಸರಿನಿಂದ ಶುರುವಾಗಿ ಅವರ ಹೆಸರಿಗೇ ಮುಗಿಯುತ್ತದೆ. ಇಪ್ಪತ್ತೊಂಬತ್ತು ವರ್ಷಗಳ ಸೇವೆಯ ನಂತರ ಈ ವರ್ಷ, ೧೯೭೮ರ ಮೇ ತಿಂಗಳಲ್ಲಿ, ಅಕ್ಕಲಕೋಟದ ಪ್ರೌಢಶಾಲೆಯಿಂದ ನಿವೃತ್ತರಾದ ಈ ಹಿರಿಯರಿಗೆ ಅವರ ಶಿಷ್ಯರೂ ಸಹೋದ್ಯೋಗಿಗಳೂ ಸೇರಿ ಅಭಿನಂದನ ಸಂಪುಟ ಅರ್ಪಿಸುತ್ತಿರುವುದು ಎಲ್ಲ ರೀತಿಯಿಂದಲೂ ಯೋಗ್ಯವಾದ ಕೆಲಸ. ಅದರಲ್ಲಿ ಬರೆಯಲು ನನ್ನನ್ನು ಕರೆದದ್ದು ಯೋಗ್ಯವೋ ಅಲ್ಲವೋ ಎಂಬುದನ್ನು ಓದುಗರು ಕೊನೆಗೆ ತೀರ್ಮಾನಿಸಲಿ.

ಸಂಪಾದಕರಾದ ಕಲ್ಲಣ್ಣನವರು ನನಗೆ ಬರೆದ ಕಾರ್ಡಿನಲ್ಲಿ ಗುರುಗಳ ಸರಳತೆ, ಸಜ್ಜನಿಕೆಗಳ ಬಗ್ಗೆ ಎರಡು ಪುಟ ಸಾಕು ಎಂದಿದ್ದರು. ನಾನು ಸೊಲ್ಲಾಪುರದ ನೂಲಿನ ವ್ಯಾಪಾರಿ. ಬರೆಯುವುದು ನನ್ನ ಕಸುಬಲ್ಲ. ಸರಳತೆಯ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಈ ಸಂಪುಟದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರು ಬರೆಯುತ್ತಾರೆ. ನನ್ನ ಹತ್ತಿರ ಇರುವುದು ಒಂದೇ ಸಂಗತಿ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಮಾಸ್ತರರು ಹುಟ್ಟಿದ್ದು ೧೯೨೦ರಲ್ಲಿ, ದಕ್ಷಿಣ ಸೊಲ್ಲಾಪುರದ ಮಂದ್ರೂಪದಲ್ಲಿ. ಮನೆತನ ಜೋಳದ ಹೊಲಗಳದ್ದಾದರೂ ಇವರ ಕೈ ಮಾತ್ರ ಸಣ್ಣಂದಿನಿಂದ ಗೋಡೆಯ ಮೇಲೆ ಸುಣ್ಣ ಕೆರೆದು ಚಿತ್ರ ಬರೆಯುವುದರಲ್ಲೇ ಓಡುತ್ತಿತ್ತಂತೆ. ಇಪ್ಪತ್ತನೆಯ ವಯಸ್ಸಿಗೆ ಅವರು ಸೊಲ್ಲಾಪುರದ ಒಂದು ಚಾದರದ ಕಾರಖಾನೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದರು. ಚಾದರದ ಮೇಲೆ ಮೂಡಬೇಕಾದ ನವಿಲನ್ನು ಮೊದಲು ಚೌಕಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ಬರೆಯಬೇಕು. ಆ ಕಾಗದ ನೋಡಿ ರಟ್ಟಿಗೆ ತೂತು ಹೊಡೆಯುತ್ತಾರೆ. ಆ ತೂತು ಇದ್ದಂತೆ ಮಗ್ಗದಲ್ಲಿ ನೂಲು ಏಳುತ್ತದೆ. ಒಂಬತ್ತು ವರ್ಷ ಅವರು ಬರೆದ ನವಿಲು, ಆನೆ, ಕಮಲಗಳನ್ನು ಯಾವ ಯಾವ ಊರಿನವರೋ ಚಳಿಗೆ ಹೊದ್ದು ಮಲಗಿದರು. ಚಾದರದ ಅಂಚಿನಲ್ಲಿ ಕಾರಖಾನೆಯ ಹೆಸರು ಇರುತ್ತಿತ್ತು, ನವಿಲನ್ನು ಬರೆದವರ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ. ಅದರ ಬಗ್ಗೆ ಅವರು ಯಾವತ್ತೂ ಗೊಣಗಿದವರಲ್ಲ. ಆದರೆ ಅದನ್ನು ಮರೆತವರೂ ಅಲ್ಲ.

೧೯೪೯ರಲ್ಲಿ ಅವರು ಸೊಲ್ಲಾಪುರದ ನಮ್ಮ ಶಾಲೆಗೆ ಚಿತ್ರಕಲಾ ಶಿಕ್ಷಕರಾಗಿ ಬಂದರು. ತರಗತಿಯಲ್ಲಿ ಅವರದು ಒಂದೇ ಕಾಯಿದೆ: ಮುಂದ ಚಿತ್ರ, ಹಿಂದ ಹೆಸರು. ಬದನೆಕಾಯಿ ಬರೆಯಲಿ, ಬಿಂದಿಗೆ ಬರೆಯಲಿ, ಹಾಳೆಯ ಹಿಂಬದಿಗೆ ಬರೆದವನ ಹೆಸರು ಇರಬೇಕು. ಆರನೆಯ ಇಯತ್ತೆಯಲ್ಲಿ ನಾನು ಪಕ್ಕದಲ್ಲಿ ಕೂಡುತ್ತಿದ್ದ ಸಿದ್ದಣ್ಣನಿಂದ ದಾಳಿಂಬೆಯ ಚಿತ್ರ ಬರೆಸಿಕೊಂಡು ಹಿಂದೆ ನನ್ನ ಹೆಸರು ಹಾಕಿ ಒಪ್ಪಿಸಿದೆ. ಮಾಸ್ತರರು ಬಯ್ಯಲಿಲ್ಲ, ಕಿವಿ ಹಿಂಡಲಿಲ್ಲ, ಇಡೀ ತರಗತಿಯ ಮುಂದೆ ನನ್ನ ಮಾನ ಕಳೆಯಲೂ ಇಲ್ಲ. ಸಾಲಿ ಬಿಟ್ಟ ಮೇಲೆ ನನ್ನೊಬ್ಬನನ್ನೇ ಕರೆದು, ನನ್ನ ಹೆಸರಿನ ಕೆಳಗೆ ಸಿದ್ದಣ್ಣನ ಹೆಸರನ್ನೂ ಬರೆಯಲು ಹೇಳಿ ಪೆನ್ಸಿಲ್ಲು ಕೊಟ್ಟರು. ನನ್ನ ಹೆಸರನ್ನು ಅಳಿಸಬೇಕೋ ಬೇಡವೋ ಎಂಬುದನ್ನು ನನಗೇ ಬಿಟ್ಟರು. ನಾನು ಅಳಿಸಿದೆ. ಅಂದು ಕಲಿತದ್ದು ಮುಂದೆ ನನ್ನ ಬಳಿ ಬಹಳ ದಿನ ಉಳಿಯಲಿಲ್ಲ.

ಇನ್ನು ನಮ್ಮ ಮನೆಯ ತಟ್ಟೆಗಳ ವಿಷಯ. ನನ್ನ ಅಜ್ಜ ರಾಚಪ್ಪನವರ ಕಾಲದಲ್ಲಿ ಒಬ್ಬ ಡ್ಯಾನಿಶ್ ಇಂಜಿನಿಯರರು ಗಿರಣಿಯ ಯಂತ್ರ ಕೂಡಿಸಲು ಸೊಲ್ಲಾಪುರಕ್ಕೆ ಬಂದು, ಎರಡು ವರ್ಷ ನಮ್ಮ ಮನೆಯ ಮಹಡಿಯಲ್ಲಿ ಬಿಡಾರ ಮಾಡಿದ್ದರು. ಊರಿಗೆ ಮರಳಿದ ಮೇಲೆ ಆ ಪುಣ್ಯಾತ್ಮರು ಪ್ರತಿ ವರ್ಷ ಹುಲ್ಲಿನಲ್ಲಿ ಸುತ್ತಿ ಒಂದು ಕ್ರಿಸ್‌ಮಸ್ ತಟ್ಟೆ ಕಳಿಸುತ್ತಿದ್ದರು. ೧೯೩೧ರಿಂದ ಒಂಬತ್ತು ತಟ್ಟೆ ಬಂದವು; ಮಹಾಯುದ್ಧದಲ್ಲಿ ನಿಂತವು; ಯುದ್ಧ ಮುಗಿದ ಮೇಲೆ ಮತ್ತೆ ಹತ್ತು ಬಂದವು. ಬಿಳಿಯ ಮೇಲೆ ನೀಲಿ: ಹಿಮ ಬಿದ್ದ ಚರ್ಚು, ಹಡಗು, ಬೋಳು ಮರ, ಕೆಳಗೆ ಆಯಾ ವರ್ಷದ ಅಂಕಿ. ಇವಲ್ಲದೆ ಹಾರುವ ಕಡಲಹಕ್ಕಿಗಳಿದ್ದ, ಬಂಗಾರದ ಅಂಚಿನ ಒಂದು ದೊಡ್ಡ ಪರಾತ. ಹತ್ತೊಂಬತ್ತು ತಟ್ಟೆಗಳನ್ನು ಅಜ್ಜ ತಂತಿ ಬಿಗಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿಸಿದ್ದ. ಪರಾತವನ್ನು ನಾವು ಆಯಿ ಎಂದು ಕರೆಯುತ್ತಿದ್ದ ನಮ್ಮ ಅಜ್ಜಿ ಅಕ್ಕನಾಗಮ್ಮ ತೆಗೆದುಕೊಂಡಿದ್ದಳು. ಶ್ರಾವಣದಲ್ಲಿ ಜಂಗಮರನ್ನು ಕರೆಸಿ ಪಾದಪೂಜೆ ಮಾಡುವಾಗ ಹಣ್ಣನ್ನು ಅದರಲ್ಲೇ ಇಡುತ್ತಿದ್ದಳು. ಹಾಲಿನಂಥ ಬಿಳುಪು, ಅದಕ್ಕಿಂತ ಮಡಿಯಾದ ಪಾತ್ರೆ ಯಾವುದು ಎನ್ನುವುದು ಅವಳ ನಂಬಿಕೆ.

ಮಾಸ್ತರರು ನಮ್ಮ ಪಡಸಾಲೆಗೆ ಮೊದಲ ಸಲ ಬಂದದ್ದು ೧೯೫೭ರ ದೀಪಾವಳಿಯಲ್ಲಿ, ಫರಾಳಕ್ಕೆ. ಸುಣ್ಣ ಬಳಿಯಲೆಂದು ತಟ್ಟೆಗಳನ್ನು ಇಳಿಸಿ ಕಂಬಳಿಯ ಮೇಲೆ ಹರಡಿದ್ದರು. ಮಾಸ್ತರರು ಚಕ್ಕುಲಿ ಮರೆತರು, ಚಹಾ ಮರೆತರು. ಪೆಟ್ಟಿಗೆಗಳ ಜೊತೆ ಬಂದಿದ್ದ ಇಂಗ್ಲಿಷ್ ಪತ್ರಿಕೆಯೊಂದನ್ನು ಆಯಿ ಹುಡುಕಿ ಕೊಟ್ಟಳು. ಅದನ್ನು ಓದಿದ ಮಾಸ್ತರರಿಗೆ ಒಂದು ಸಂಗತಿ ತಿಳಿಯಿತು. ಆ ದೇಶದಲ್ಲಿ ತಟ್ಟೆಯ ಚಿತ್ರ ರಚಿಸಿದವರ ಹೆಸರು ದಾಖಲೆಯಲ್ಲಿ ಇರುತ್ತದೆ. ಅಷ್ಟೇ ಅಲ್ಲ, ಬಣ್ಣ ಹಚ್ಚಿದ ಕೆಲಸಗಾರರೂ ತಟ್ಟೆಯ ಹಿಂದೆ ತಮ್ಮ ಹೆಸರಿನ ಅಕ್ಷರ ಹಾಕುತ್ತಾರೆ. ಕೆಲಸಗಾರರ ಗುರುತು! ಒಂಬತ್ತು ವರ್ಷ ಹೆಸರಿಲ್ಲದೆ ನವಿಲು ಬರೆದ ಮಾಸ್ತರರು ಇದನ್ನು ಓದಿ ಸುಮ್ಮನೆ ಎದ್ದುಹೋಗುವುದು ಸಾಧ್ಯವಿರಲಿಲ್ಲ.

ಅಲ್ಲಿಂದ ಹದಿನಾಲ್ಕು ವರ್ಷ ಅವರು ಓದಿ, ಬರೆದು, ಅಂಚೆಯಲ್ಲಿ ಕೇಳಿ ತರಿಸಿಕೊಂಡದ್ದನ್ನು ಒಂದು ಪುಸ್ತಕ ಮಾಡುತ್ತ ಬಂದರು. ಮರಾಠಿಯಲ್ಲಿ ಬರೆದರೆ ನಾಲ್ಕು ಜನರಾದರೂ ಓದುತ್ತಾರೆಂದು ಸಹೋದ್ಯೋಗಿಗಳು ಛೇಡಿಸಿದರೂ ಕೇಳದೆ ಕನ್ನಡದಲ್ಲೇ ಬರೆದರು. ೧೮೮೦ರ ದಶಕದಲ್ಲಿ ಆರ್ನಲ್ಡ್ ಕ್ರೋಗ್ ಎಂಬ ವಾಸ್ತುಶಿಲ್ಪಿ ಕೋಪನ್‌ಹೇಗನ್ನಿನ ಕಾರಖಾನೆಗೆ ಬಂದು, ಹೊಳಪಿನ ಲೇಪದ ಕೆಳಗೇ ನೀಲಿಯಲ್ಲಿ ಚಿತ್ರ ಬರೆಯುವ ರೀತಿಗೆ ಹೊಸ ಜೀವ ಕೊಟ್ಟದ್ದು. ಭಟ್ಟಿಯ ಆ ಕಡು ಶಾಖಕ್ಕೆ ಉಳಿದ ಬಣ್ಣಗಳು ಸುಟ್ಟುಹೋದರೂ ಈ ನೀಲಿ ತಾಳುವುದು. ೧೮೯೫ರಲ್ಲಿ ಇನ್ನೊಂದು ಕಾರಖಾನೆಯ ಹಾಲಿನ್ ಎಂಬುವರು ಹಿಮಗಟ್ಟಿದ ಕಿಟಕಿಯ ಚಿತ್ರ ಬರೆದು ಮೊದಲ ಕ್ರಿಸ್‌ಮಸ್ ತಟ್ಟೆ ಮಾಡಿದ್ದು. ಆ ವರ್ಷದ ತಟ್ಟೆಗಳಾದ ಮೇಲೆ ಅಚ್ಚನ್ನೇ ಒಡೆದುಹಾಕುವ ಪದ್ಧತಿ. ಇವೆಲ್ಲವೂ ಆ ಪುಸ್ತಕದಲ್ಲಿ ಇವೆ. ನಮ್ಮ ಪರಾತದ ಹಕ್ಕಿಗಳು ಫಾನಿ ಗಾರ್ಡೆ ಎಂಬ ಕಲಾವಿದೆಯ ರಚನೆ. ಆಕೆಯೂ ಗೆಳತಿ ಎಫಿಯೂ ಹೆಚ್ಚುಕಡಿಮೆ ನಾಲ್ವತ್ತು ವರ್ಷ ಒಂದೇ ಕಾರಖಾನೆಯಲ್ಲಿ ಜೊತೆಗೆ ಕೆಲಸ ಮಾಡಿದ ಸಂಗತಿಯನ್ನು ಮಾಸ್ತರರು ತರಗತಿಯಲ್ಲಿ ಹೇಳುತ್ತಿದ್ದರೆ, ಆ ಇಬ್ಬರೂ ನಮ್ಮ ಸೊಲ್ಲಾಪುರದ ಬಾಳಿವೇಸಿಯಲ್ಲೇ ಎಲ್ಲೋ ಮನೆ ಮಾಡಿಕೊಂಡಿದ್ದಾರೆಂದು ನಮಗೆ ಅನಿಸುತ್ತಿತ್ತು.

ಅವರ ಕೆಲಸದ ರೀತಿ ಒಂದು ಇತ್ತು, ಅದೇ ಕೊನೆಗೆ ಮುಳುವಾಯಿತು. ಸುಣ್ಣ ಬಳಿಯುವ ಎರಡು ದಿನ ಮಾತ್ರ ತಟ್ಟೆಗಳು ಕೆಳಗಿಳಿಯುತ್ತಿದ್ದವು. ಆ ಎರಡು ದಿನದಲ್ಲಿ ಮಾಸ್ತರರು ಒಂದು ತಟ್ಟೆಯನ್ನು, ಕೆಲವು ವರ್ಷ ಎರಡನ್ನು, ಅಳತೆಗೆ ಸರಿಯಾಗಿ ಬಣ್ಣದಲ್ಲಿ ಬರೆದುಕೊಳ್ಳುತ್ತಿದ್ದರು. ಹಿಂಬದಿಯನ್ನು ಮಾತ್ರ ತಿರುಗಿಸಿ ನೋಡುತ್ತಿರಲಿಲ್ಲ. ಹೆಸರು ಮೊದಲೇ ಗೊತ್ತಾದರೆ ಕಣ್ಣು ಲಂಚ ತಿಂದಂತೆ ಎನ್ನುತ್ತಿದ್ದರು. ಇಪ್ಪತ್ತೂ ಮುಂಬದಿ ಬರೆದು ಮುಗಿಸಬೇಕು. ಯಾವ ಯಾವ ತಟ್ಟೆಗೆ ಒಂದೇ ಕೈ ಬಣ್ಣ ಹಚ್ಚಿದೆ ಎಂದು ತಾವೇ ಊಹಿಸಿ ಬರೆದಿಡಬೇಕು. ಆಮೇಲೆ ಎಲ್ಲವನ್ನೂ ಒಮ್ಮೆಲೆ ತಿರುಗಿಸಿ ತಾಳೆ ನೋಡಬೇಕು. ನಾವು ಮನೆಯವರು ಆ ಹಿಂಬದಿಗಳನ್ನು ನೂರು ಸಲ ಒರೆಸಿದ್ದೇವೆ, ಒಂದು ಅಕ್ಷರವೂ ನಮ್ಮ ನೆನಪಿನಲ್ಲಿಲ್ಲ. ೧೯೭೦ರ ದೀಪಾವಳಿಗೆ ಇಪ್ಪತ್ತನೆಯ ಮುಂಬದಿ ಮುಗಿಯಿತು. ಆರು ಕೈ ಎಂದು ಅವರ ಲೆಕ್ಕ. ಅವುಗಳಲ್ಲಿ ಹಿಮವನ್ನು ಸ್ವಲ್ಪ ದಪ್ಪಗೆ ಬಿಡುವ ಒಂದು ಕೈಯ ಮೇಲೆ ಅವರಿಗೆ ವಿಶೇಷ ಪ್ರೀತಿ. ಮುಂದಿನ ದೀಪಾವಳಿಗೆ ತಿರುಗಿಸುವುದೆಂದು ಆಯಿಗೆ ಹೇಳಿ ಹೋದರು.

ಈ ನಡುವೆ ೧೯೬೬ರಲ್ಲಿ ಅವರಿಗೆ ಅಕ್ಕಲಕೋಟಕ್ಕೆ ವರ್ಗವಾಗಿತ್ತು. ಅಲ್ಲಿಯ ಹನ್ನೆರಡು ವರ್ಷಗಳ ಸೇವೆಯನ್ನು ಬಲ್ಲವರು ಬೇರೆ ಲೇಖನಗಳಲ್ಲಿ ವಿವರಿಸಿಯಾರು. ನನ್ನ ಕಿವಿಗೆ ಬಿದ್ದ ಒಂದನ್ನು ಹೇಳುತ್ತೇನೆ. ಇಂದುಬಾಯಿ ಎಂಬ ಹುಡುಗಿಗೆ ಸರ್ಕಾರದ ಚಿತ್ರಕಲಾ ಪರೀಕ್ಷೆಯ ದಿನವೇ ಹಳ್ಳಿಯ ಬಸ್ಸು ಬರಲಿಲ್ಲ. ಮಾಸ್ತರರು ಸೈಕಲ್ಲಿನಲ್ಲಿ ಹೋಗಿ, ಅವಳನ್ನೂ ಅವಳ ಅಪ್ಪನನ್ನೂ ಯಾರದೋ ಎತ್ತಿನ ಗಾಡಿಯಲ್ಲಿ ಕೂಡಿಸಿ, ತಾವು ಮುಂದೆ ಸೈಕಲ್ಲು ಹೊಡೆಯುತ್ತ ಬಂದು, ಬಾಗಿಲು ಹಾಕುವ ಮೊದಲು ಪರೀಕ್ಷೆಗೆ ಮುಟ್ಟಿಸಿದರು. ಆಕೆ ಈಗ ಅದೇ ತಾಲೂಕಿನಲ್ಲಿ ಶಿಕ್ಷಕಿ. ಯಾರದೇ ಕೆಲಸವಾಗಲಿ ಅರ್ಧಕ್ಕೆ ನಿಲ್ಲುವುದನ್ನು ಅವರು ಸಹಿಸುತ್ತಿರಲಿಲ್ಲ. ಅವರ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದವನು ನಾನು.

೧೯೭೧ರಲ್ಲಿ ನಾನು ಪುಣೆಯಲ್ಲಿ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೆ. ಮನೆಯಲ್ಲಿ ಮೊದಲ ಕಾಲೇಜು ವಿದ್ಯಾರ್ಥಿ. ತಲೆ ಭೂಮಿಯ ಮೇಲೆ ಇರಲಿಲ್ಲ. ವಿಲಾಯತಿ ಚಹಾದ ಬಶಿಗಳಲ್ಲಿ ಎತ್ತಿನ ಎಲುಬಿನ ಬೂದಿ ಬೆರೆಸುತ್ತಾರೆಂದು ವಸತಿಗೃಹದಲ್ಲಿ ಯಾರೋ ಹೇಳಿದ್ದರು. ದೀಪಾವಳಿಗೆ ಊರಿಗೆ ಬಂದಾಗ ಆಯಿ ಪರಾತವನ್ನು ಒರೆಸುತ್ತ ಕುಳಿತಿದ್ದಳು. ನನ್ನ ವಿದ್ಯೆ ತೋರಿಸುವ ಚಪಲ ತಡೆಯಲಾಗಲಿಲ್ಲ.

"ಆಯೀ, ನೀ ಸ್ವಾಮಿಗಳ ಮುಂದ ಹಣ್ಣ ಇಡೂದು ಎಂಥಾದ್ರಾಗ ಗೊತ್ತೇನು? ದನದ ಎಲಬಿನ ಬೂದ್ಯಾಗ ಮಾಡಿದ್ದದ ಅದು," ಎಂದೆ.

ಆಯಿ ನನ್ನ ಮುಖವನ್ನು ನೋಡಿದಳು. ಖರೆ ಏನು ಎಂದು ಒಂದೇ ಸಲ ಕೇಳಿದಳು. ಖರೆ ಎಂದೆ. ಎಲ್ಲ ತಟ್ಟೆಗಳೂ ಹಾಗೆಯೇ ಏನು ಎಂದಳು. ಎಲ್ಲವೂ ಎಂದೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಕಾಲೇಜಿಗೆ ಹೋದವನಿಗೆ ನಾಚಿಕೆ. ಪಾದಪೂಜೆಯ ಹಣ್ಣನ್ನು ಇಪ್ಪತ್ತು ವರ್ಷಕ್ಕೂ ಮೇಲೆ ಆ ಪರಾತದಲ್ಲಿ ಇಟ್ಟಿದ್ದ ಮುದುಕಿ ಅಂದು ಊಟ ಬಿಟ್ಟಳು.

ಮರುದಿನ ನಸುಕಿನಲ್ಲೇ ಅಪ್ಪ ನನ್ನನ್ನು ಸೋದರತ್ತೆಯನ್ನು ಕರೆತರಲು ನಂದೇಶ್ವರಕ್ಕೆ ಕಳಿಸಿದ. ನಾನು ಸಂಜೆ ತಿರುಗಿ ಬಂದಾಗ ಗೋಡೆಯಲ್ಲಿ ಮೊಳೆಗಳಷ್ಟೇ ಇದ್ದವು. ಮೈಲಿಗೆಯಾದದ್ದು ಇನ್ನೊಬ್ಬರ ಮನೆಗೆ ಹೋಗಬಾರದೆಂದು ಆಯಿ ಎಲ್ಲವನ್ನೂ ಒಡೆಸಿದ್ದಳು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಆಗ ಹೊಸ ಹಾದಿಗೆ ಮುರುಮಿನ ಗರಸು ಹಾಕುತ್ತಿದ್ದರು. ಅಪ್ಪ ಶಂಕರೆಪ್ಪ ಚೂರುಗಳನ್ನು ಮುರುಮಿನ ಲಾರಿಗೆ ಹಾಕಿ ಕಳಿಸಿದ್ದ. ಮಾಸ್ತರರು ಬೆಳಿಗ್ಗೆ ಹಿಂಬದಿಯ ಅಕ್ಷರ ಬರೆದುಕೊಳ್ಳಲು ಹೊಸ ವಹಿ ಹಿಡಿದುಕೊಂಡು ಬಂದಿದ್ದರು, ಆಯಿಯ ಹತ್ತಿರ ಸ್ವಲ್ಪ ಹೊತ್ತು ಕೂತು, ಊಟಕ್ಕೂ ನಿಲ್ಲದೆ ಹೋದರು ಎಂದು ಅವ್ವ ಹೇಳಿದಳು. ಹೆಚ್ಚಿಗೆ ನಾನು ಕೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಆಗ ಒಂದು ಬಗೆಯ ಹೆಮ್ಮೆಯೇ ಇತ್ತು, ನನ್ನ ಮಾತಿಗೆ ಮನೆಯಲ್ಲಿ ಇಷ್ಟು ಬೆಲೆಯೇ ಎಂದು.

ಆ ದೀಪಾವಳಿಯ ನಂತರ ಆಯಿ ಪೂಜೆಯ ಹಣ್ಣನ್ನು ತನ್ನ ಕೈಯಿಂದ ಇಡುವುದನ್ನು ಬಿಟ್ಟು ಅವ್ವನಿಗೆ ಒಪ್ಪಿಸಿದಳು. ಮುಂದಿನ ಶ್ರಾವಣದಲ್ಲಿ ನಾನು ಮನೆಗೆ ಬಂದಾಗ ಹಿತ್ತಾಳೆಯ ಹರಿವಾಣದಲ್ಲಿ ಮತ್ತೆ ತಾನೇ ಇಡುತ್ತಿದ್ದಳು. ಮುದುಕಿ ಮರೆತಳು ಎಂದುಕೊಂಡು ನಾನೂ ಮರೆತೆ.

೧೯೭೩ರಲ್ಲಿ, ಕೊನೆಯ ವರ್ಷದ ಓದಿಗೆಂದು ಪುಣೆಯ ಗ್ರಂಥಾಲಯದಲ್ಲಿ ಕೂತಾಗ ಮಣ್ಣಿನ ಪಾತ್ರೆಗಳ ಮೇಲಿನ ಒಂದು ಪುಸ್ತಕ ಕೈಗೆ ಬಂತು. ಎಲುಬಿನ ಬೂದಿ ಸೇರಿಸುವುದು ಮುಖ್ಯವಾಗಿ ಇಂಗ್ಲೆಂಡಿನ ಪದ್ಧತಿ; ಡೆನ್ಮಾರ್ಕಿನ ಆ ಗಟ್ಟಿ ಪಿಂಗಾಣಿಗೆ ಬೇಕಾದದ್ದು ಬಿಳಿ ಜೇಡಿಮಣ್ಣು, ಒಂದೆರಡು ಬಗೆಯ ಕಲ್ಲಿನ ಪುಡಿ, ಅಷ್ಟೇ. ಆ ಪುಟವನ್ನು ಮೂರು ಸಲ ಓದಿದೆ. ಆಯಿ ಆಗ ಬದುಕಿದ್ದಳು. ರಜೆಗೆ ಹೋದೆ, ಅವಳ ಪಕ್ಕದಲ್ಲಿ ಕೂತು ಹೋಳಿಗೆ ತಿಂದೆ, ಹೇಳಲಿಲ್ಲ. ಹೇಳಿದರೆ ಮುದುಕಿಗೆ ನೋವಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು, ನನ್ನ ಮುಖ ಸಣ್ಣದಾಗುತ್ತದೆಂದು ಹೇಳಲಿಲ್ಲ. ೧೯೭೪ರ ಮಳೆಗಾಲದಲ್ಲಿ ಆಯಿ ಲಿಂಗೈಕ್ಯಳಾದಳು. ಮಾಸ್ತರರಿಗೂ ನಾನು ಹೇಳಲಿಲ್ಲ. ಪೇಟೆಯಲ್ಲಿ ಅವರು ಎದುರಾದರೆ ನಮಸ್ಕಾರ ಮಾಡಿ ಅವಸರದ ನಾಟಕವಾಡುತ್ತಿದ್ದೆ.

ಕಲ್ಲಣ್ಣನವರ ಕಾರ್ಡು ಬಂದ ಮೇಲೆ, ಕಳೆದ ತಿಂಗಳು ಒಂದು ರವಿವಾರ, ಅಕ್ಕಲಕೋಟಕ್ಕೆ ಹೋದೆ. ಮಾಸ್ತರರ ಪತ್ನಿ ಗುರುಬಾಯಿಯವರು ಚಹಾ ಕೊಟ್ಟು, ನಾನು ಕೇಳುವ ಮೊದಲೇ ಪುಸ್ತಕದ ಹಸ್ತಪ್ರತಿ ತಂದು ಮುಂದಿಟ್ಟರು. ಪ್ರತಿ ತಟ್ಟೆಗೂ ಒಂದು ಹಾಳೆ, ಹಾಳೆಯ ತುಂಬ ಆ ನೀಲಿ. ಕೆಳಗೆ ಎರಡು ಸಾಲು. ಒಂದು, ಚಿತ್ರ ರಚಿಸಿದವರು. ಕೋಪನ್‌ಹೇಗನ್ನಿಗೆ ಬರೆದು ತರಿಸಿದ ಹೆಸರುಗಳು ಅಲ್ಲಿ ಮುತ್ತಿನಂಥ ಅಕ್ಷರದಲ್ಲಿ ಇದ್ದವು. ಇನ್ನೊಂದು, ಬಣ್ಣ ಹಚ್ಚಿದವರು. ಅದರ ಮುಂದೆ ಇಪ್ಪತ್ತೂ ಹಾಳೆಗಳಲ್ಲಿ ಬರೀ ಜಾಗ. ರಚಿಸಿದವರ ಹೆಸರು ಯಾವ ದಾಖಲೆಯಲ್ಲಾದರೂ ಸಿಗುತ್ತದೆ. ಆ ಒಂದು ತಟ್ಟೆಗೆ ಬಣ್ಣ ಹಚ್ಚಿದ ಕೈಯ ಗುರುತು ಆ ಒಂದು ತಟ್ಟೆಯ ಹಿಂದೆ ಮಾತ್ರ ಇರುತ್ತದೆ. ಹಸ್ತಪ್ರತಿಯ ಕೊನೆಗೆ ಅಂಗೈಯಗಲದ ಒಂದು ಪಿಂಗಾಣಿ ಚೂರು ಅರಿವೆಯಲ್ಲಿ ಸುತ್ತಿಟ್ಟಿತ್ತು. ಎಂಐಡಿಸಿಯ ಹಾದಿಗೆ ಡಾಂಬರು ಬೀಳುವ ಮೊದಲು ಎರಡು ರವಿವಾರ ಅಂಚಿನಲ್ಲಿ ಹುಡುಕಿದಾಗ ಸಿಕ್ಕಿದ್ದಂತೆ. ಅದರ ಹಿಂದೆ ಕಾರಖಾನೆಯ ಮೂರು ಗೋಪುರದ ಮುದ್ರೆಯಲ್ಲಿ ಒಂದು ಗೋಪುರ ಇತ್ತು, ಅಕ್ಷರ ಇರಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಎಲುಬಿನ ಮಾತು ಆಡಿದವನು ನಾನೆಂದೂ, ಅದು ತಪ್ಪೆಂದು ಐದು ವರ್ಷದ ಹಿಂದೆಯೇ ತಿಳಿದು ಬಾಯಿ ಮುಚ್ಚಿಕೊಂಡಿದ್ದೆನೆಂದೂ ಹೇಳಿದೆ. ಮಾಸ್ತರರು ಚಾಳೀಸು ತೆಗೆದು ಧೋತರದ ಚುಂಗಿನಿಂದ ಒರೆಸಿದರು.

"ನನಗ ಗೊತ್ತದ ಶಿವಶರಣ," ಎಂದರು.

ಅಂದು ಬೆಳಿಗ್ಗೆ ಆಯಿ ಅವರನ್ನು ಎದುರಿಗೆ ಕೂಡಿಸಿಕೊಂಡು, ಇದರಲ್ಲಿ ಎಲುಬು ಇಲ್ಲ ಎಂದು ನೀವೊಬ್ಬರು ಹೇಳಿಬಿಡಿ, ಇಟ್ಟುಕೊಳ್ಳುತ್ತೇನೆ ಎಂದಳಂತೆ. ಇಲ್ಲ ಎನ್ನುವುದೊಂದೇ ಮಾತು, ಹದಿನಾಲ್ಕು ವರ್ಷದ ಕೆಲಸ ಉಳಿಯುತ್ತಿತ್ತು. ಇಲ್ಲವೆಂದು ಮಾಸ್ತರರಿಗೆ ಅನಿಸಿತ್ತು, ಆದರೆ ಖಾತ್ರಿ ಇರಲಿಲ್ಲ. ನನಗೆ ಗೊತ್ತಿಲ್ಲ, ಬರೆದು ಕೇಳುತ್ತೇನೆ, ಎರಡು ತಿಂಗಳು ತಡೆಯಿರಿ ಎಂದರು. ಎರಡು ತಿಂಗಳು ಲಿಂಗದ ಮನೆಯಲ್ಲಿ ಅದನ್ನು ಹೇಗೆ ಇಟ್ಟುಕೊಳ್ಳಲಿ ಎಂದು ಆಯಿ ಅತ್ತಳಂತೆ. ಒಡೆಯುವ ಮೊದಲು ಹಿಂಬದಿಯನ್ನಾದರೂ ಯಾಕೆ ಬರೆದುಕೊಳ್ಳಲಿಲ್ಲ ಎಂದು ನಾನು ಕೇಳಿದೆ. ವಹಿ ಕೈಯಲ್ಲೇ ಇತ್ತು, ಅಳುವವರ ಮುಂದೆ ಕೂತು ಅದನ್ನು ಬಿಚ್ಚಲು ಮನಸ್ಸಾಗಲಿಲ್ಲ ಎಂದರು.

ಆಮೇಲೆ ಅವರು ಕಪಾಟಿನಿಂದ ಒಂದು ಪತ್ರ ತೆಗೆದರು. ಕೋಪನ್‌ಹೇಗನ್ನಿನ ಒಂದು ವಸ್ತುಸಂಗ್ರಹಾಲಯದವರು ಬರೆದದ್ದು, ೧೯೭೨ರ ಜನವರಿಯ ತಾರೀಖು. ಎಲುಬು ಇಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಇತ್ತು. ಪತ್ರ ಬಂದ ಮರುದಿನವೇ ಮಾಸ್ತರರು ಸೊಲ್ಲಾಪುರದ ಬಸ್ಸು ಹಿಡಿದು, ಆಯಿಯ ಮುಂದೆ ಕೂತು, ಅದನ್ನು ಕನ್ನಡದಲ್ಲಿ ಓದಿ ಹೇಳಿದ್ದರು. ಆಯಿ ಮೊದಲು ಲಿಂಗಕ್ಕೆ ಕೈಮುಗಿದಳಂತೆ. ಒಡೆದದ್ದಕ್ಕೆ ಮಾಸ್ತರರ ಕ್ಷಮೆ ಕೇಳಿದಳಂತೆ. ಆಮೇಲೆ ಒಂದು ಮಾತು ತೆಗೆದುಕೊಂಡಳಂತೆ. ಅದನ್ನು ಮಾಸ್ತರರು ಆಯಿಯ ಮಾತಿನಲ್ಲೇ ಹೇಳಿದರು:

"'ಹುಡುಗಗ ನೀವು ಹೇಳಬ್ಯಾಡ್ರಿ ಮಾಸ್ತರ. ಕಲ್ಯಾಕ ಹೋಗ್ಯಾನ, ತಪ್ಪಾತಂತ ಒಂದಿನ ಅವಗ ತಿಳೀತದ. ತಿಳಿದ ಮ್ಯಾಲ ತಾನ ಬಂದು ನನ್ನ ಮುಂದ ಹೇಳ್ತಾನ. ನಾ ಹಾದಿ ನೋಡ್ತೀನಿ,' ಅಂದ್ರು ನಿಮ್ಮ ಆಯಿ."

ಎರಡೂವರೆ ವರ್ಷ ಅವಳು ಹಾದಿ ನೋಡಿದ್ದಾಳೆ. ಅದರಲ್ಲಿ ಒಂದು ವರ್ಷ, ಹೇಳುವುದು ಬಾಯಲ್ಲೇ ಇದ್ದು, ನಾನು ಅವಳ ಪಕ್ಕದಲ್ಲಿ ಕೂತು ಹೋಳಿಗೆ ತಿಂದಿದ್ದೇನೆ. ಮಾಸ್ತರರು ಆ ಮಾತು ಅವಳ ನಂತರವೂ ಉಳಿಸಿಕೊಂಡು, ಪೇಟೆಯಲ್ಲಿ ನನ್ನ ಅವಸರದ ನಮಸ್ಕಾರಕ್ಕೆ ಪ್ರತಿ ಸಲವೂ ನಿಂತು ನಮಸ್ಕಾರ ಹೇಳಿದ್ದಾರೆ.

ಅಭಿನಂದನ ಸಂಪುಟದಲ್ಲಿ ಇಂಥದನ್ನು ಬರೆಯಬಹುದೇ ಎಂದು ಕಲ್ಲಣ್ಣನವರು ಅನುಮಾನಿಸಿದರು. ಮಾಸ್ತರರನ್ನೇ ಕೇಳಿದೆವು. ಇರಲಿ ಎಂದರು. ಪುಸ್ತಕ ಈ ದೀಪಾವಳಿಗೆ ಅಚ್ಚಾಗುತ್ತದೆ. ಆರು ಕೈಗಳ ಊಹೆಯನ್ನಾದರೂ ಖಾಲಿ ಸಾಲುಗಳಲ್ಲಿ ಹಾಕಿ ಎಂದು ನಾವು ಒತ್ತಾಯಿಸಿದೆವು. ಊಹೆ ಊಹೆಯೇ, ಖಾಲಿ ಇದ್ದದ್ದು ಖಾಲಿ ಇರಲಿ ಎಂದು ಒಪ್ಪಲಿಲ್ಲ. ಅವರ ಮುಂದಿನ ಕೆಲಸವೂ ಗೊತ್ತಾಗಿದೆ: ಸೊಲ್ಲಾಪುರದ ಹಳೆಯ ಚಾದರಗಳಿಗೆ ನಕ್ಷೆ ಬರೆದವರು ಯಾರು ಯಾರೆಂದು ಮುದುಕರನ್ನು ಹುಡುಕಿ ಬರೆದಿಡುವುದು. ಅದಕ್ಕೆ ಅವರ ಕಣ್ಣು ಹೀಗೆಯೇ ಚುರುಕಾಗಿರಲಿ, ಗುರುಬಾಯಿಯವರೊಂದಿಗೆ ನೂರು ವರ್ಷ ತುಂಬಿ ಬಾಳಲಿ ಎಂದು ಎಲ್ಲ ಶಿಷ್ಯರ ಜೊತೆ ನಾನೂ ಬೇಡಿಕೊಳ್ಳುತ್ತೇನೆ. ನನ್ನ ಬೇಡಿಕೆಯಲ್ಲಿ ಸ್ವಂತದ ಆಸೆಯೂ ಇದೆ. ಆಯಿಯ ಮುಂದೆ ಹೇಳಬೇಕಾಗಿದ್ದ ಮಾತನ್ನು ಕೇಳಿಸಿಕೊಳ್ಳಲು ಈ ಲೋಕದಲ್ಲಿ ನನಗೆ ಈಗ ಉಳಿದಿರುವವರು ಅವರೊಬ್ಬರೇ.